ಕರೆದು, ಬರಬೇಡಿ ಎಂದ ಮದುವೆ

ಟಿ.ವಿ.ಯವರು ನನ್ನನ್ನು ಖ್ಯಾತ ವಕೀಲರು ಎನ್ನುತ್ತಾರೆ. ಮಾಜಿ ಮಂತ್ರಿಗಳು, ಕ್ರಷರ್ ಮಾಲೀಕರು, ಕೊಲೆ ಆರೋಪ ಹೊತ್ತ ಮುಖಂಡರು ತುಮಕೂರಿನ ನನ್ನ ಆಫೀಸಿನ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಾರೆ. ಬಿಡುಗಡೆಯಾದ ದಿನ ಕಾಲಿಗೆ ಬೀಳುತ್ತಾರೆ. ಆಮೇಲೆ ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ನನ್ನ ಮುಖ ಕಂಡರೆ ಜೈಲು ನೆನಪಾಗುತ್ತದಂತೆ! ಹೆಂಡತಿ ಇದ್ದಾಗ ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ನಗುವುದಕ್ಕೆ ಜೊತೆಯಿಲ್ಲ.

ಕುಣಿಗಲ್ ಕಡೆಯ ಮುಖಂಡನೊಬ್ಬ ಮಾತ್ರ ಹಾಗಲ್ಲ ಅಂದುಕೊಂಡಿದ್ದೆ. ಅವನ ಮೇಲಿನ ಕೊಲೆ ಕೇಸನ್ನು ವರ್ಷಗಟ್ಟಲೆ ನಡೆಸಿ ಅವನನ್ನು ಬಿಡಿಸಿದೆ. ಅವನು ಒಳಗಿದ್ದಾಗ ಕಾಲೇಜು ಓದುತ್ತಿದ್ದ ಮಗಳು ಪ್ರತಿ ವಾಯಿದೆಗೂ ತಾಯಿಯ ಜೊತೆ ಕೋರ್ಟಿಗೆ ಬರುತ್ತಿದ್ದಳು. ನನ್ನ ಊಟದ ಡಬ್ಬಿಯಲ್ಲಿ ಅರ್ಧ ಅವಳಿಗೇ. ಮಕ್ಕಳಿಲ್ಲದ ನನಗೆ ಅವಳ ಮದುವೆ ನೋಡುವ ಆಸೆ ಆಗಲೇ ಹುಟ್ಟಿತ್ತು.

ಹೋದ ವರ್ಷ ಅವನು ಹೆಂಡತಿ ಸಮೇತ ಮನೆಗೆ ಬಂದ. ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ, ಲಗ್ನಪತ್ರಿಕೆ. ನಮ್ಮ ಕಡೆ ಮನೆಗೇ ಬಂದು ಅಕ್ಷತೆ ಕೊಟ್ಟು ಕರೆಯದಿದ್ದರೆ ಅದು ಕರೆದಂತಲ್ಲ. ನನಗೆ ಖುಷಿಯೋ ಖುಷಿ. ಹೆಂಡತಿ ಕಾರಿನ ಕಡೆ ಹೋದ ಮೇಲೆ ಅವನು ಬಾಗಿಲಲ್ಲೇ ನಿಂತು ದನಿ ತಗ್ಗಿಸಿದ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಕರೀದೆ ಇರಕ್ಕಾಗಲ್ಲ, ಅದ್ಕೇ ಬಂದೆ. ಆದ್ರೆ ನೀವು ಬರ್ಬೇಡಿ. ಗುಬ್ಬಿ ಬೀಗ್ರು ಭಾರೀ ಮರ್ಯಾದಸ್ಥರು. ನಿಮ್ಮನ್ನ ನೋಡಿದ್ರೆ ಹಳೇದೆಲ್ಲಾ ಕೆದಕ್ತಾರೆ."

"ಆಯ್ತು ಬುಡಪ್ಪ" ಎಂದೆ. ಜನ್ಮವಿಡೀ ವಾದ ಮಾಡಿದವನು ಒಂದೇ ಮಾತಿಗೆ ಒಪ್ಪಿಕೊಂಡುಬಿಟ್ಟೆ.

ಮದುವೆಯ ದಿನ ರೇಷ್ಮೆ ಪಂಚೆ ಉಟ್ಟು ಮನೆಯಲ್ಲೇ ಕೂತಿದ್ದೆ. ಧಾರೆಯ ಹೊತ್ತಿಗೆ ಅಕ್ಷತೆಯನ್ನು ಕೈಯಲ್ಲಿ ಹಿಡಿದುಕೊಂಡೆ. ಎರಚಲು ಯಾರ ತಲೆಯೂ ಇರಲಿಲ್ಲ. ಬಹಳ ಸಂಕಟವಾಯಿತು. ಮಧ್ಯಾಹ್ನ ಅನ್ನ, ತಿಳಿಸಾರು ಮಾಡಿಕೊಂಡು ಉಂಡೆ.

ಕೆಲವು ವಾರಗಳಾದ ಮೇಲೆ ಗುಬ್ಬಿ ಕೋರ್ಟಿನ ಮುಂದೆ ಹಿರಿಯರೊಬ್ಬರು ಅಡ್ಡ ಬಂದು ಕೈಮುಗಿದು, ತಾವು ಆ ಹುಡುಗಿಯ ಮಾವ ಎಂದರು.

"ಏನ್ ಸಾರ್, ಮದ್ವೇಗೆ ಬರ್ಲೇ ಇಲ್ವಲ್ಲ! ಸೊಸೆ ನಿಮ್ಮನ್ನ ಕೇಳ್ತಾನೇ ಇದ್ಲು. ಮುಂದ್ಗಡೆ ಸಾಲಲ್ಲಿ ನಿಮಗಂತ್ಲೇ ಸೀಟ್ ಇಟ್ಟಿದ್ದೆ. ನಿಮ್ಗೆ ಪುರ್ಸೊತ್ತಿಲ್ಲ ಅಂದ್ಬುಟ್ರು ನಮ್ ಬೀಗ್ರು."

ಸಿಟ್ಟು ನೆತ್ತಿಗೇರಿತು. ಬೀಗರ ನೆಪ ಹೇಳಿ ನನ್ನನ್ನು ದೂರವಿಟ್ಟವನು ಅವನೇ. ಇದ್ದದ್ದು ಇದ್ದ ಹಾಗೆ ಹೇಳಿಬಿಡಲೇ ಎನಿಸಿತು. ಹೇಳಿದರೆ ಆ ಹುಡುಗಿಯ ತವರಿನ ಮಾನ ಹೋಗುತ್ತಿತ್ತು. ಮತ್ತೆ ಅವನ ಪರವಾಗಿಯೇ ನಿಂತೆ.

"ಹೌದು ಯಜಮಾನ್ರೇ, ಆವತ್ತು ಕೋರ್ಟಲ್ಲಿ ಕೇಸಿತ್ತು."

ಅವರ ಮುಖ ಸಪ್ಪಗಾಯಿತು.

"ಭಾನ್ವಾರಾನಾ ಸಾರ್?"