ಹದಿನೇಳನೇ ಸಾಲಿನ ನಂತರ

ಐರ್ಲೆಂಡಿಗೆ ಬಂದ ನಾಲ್ಕನೇ ವರ್ಷ ನಾನು ಡಬ್ಲಿನ್ನಿನ ಒಂದು ಆಸ್ಪತ್ರೆಯ ಕಿಡ್ನಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ತಪ್ಪು ನನ್ನದು. ಗದಗದ ಕಡೆಯ ಪಿಂಜಾರರ ಮನೆಯವಳು ನಾನು. ಗಾದಿಗೆ ಹತ್ತಿ ಹಿಂಜುತ್ತಿದ್ದ ಅಪ್ಪ ಹೆಬ್ಬೆಟ್ಟು ಒತ್ತುವವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ. ಹಾಗಾಗಿ ವಾರ್ಡಿನ ದಾಖಲೆಯಲ್ಲಿ ನಾನು ಬರೆಯುವ ನೋಟ್ಸ್ ಬಗ್ಗೆ ನನಗೆ ಹೆಮ್ಮೆಯಿತ್ತು. ಡಾಕ್ಟರುಗಳು ಮೊದಲು ನನ್ನದನ್ನೇ ಓದುತ್ತಿದ್ದರು.

ಆ ಮಾರ್ಚ್‌ನಲ್ಲಿ ಸಹ್ರಾ ಅಡ್ಮಿಟ್ ಆದಳು. ಇಪ್ಪತ್ತೈದು ವರ್ಷ. ನೈರೋಬಿಯಲ್ಲಿ ಅಜ್ಜಿಯ ಹತ್ತಿರ ಬೆಳೆದು, ಒಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದು ತಾಯಿಯನ್ನು ಸೇರಿಕೊಂಡ ಸೋಮಾಲಿ ಹುಡುಗಿ. ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಬಾಡಿಗೆ ಮನೆ. ಹಗಲು ಔಷಧಿ ಅಂಗಡಿಯ ಕೌಂಟರ್ ಕೆಲಸ, ಸಂಜೆ ಕೆಫೆ, ಲೈಬ್ರರಿಗಳಲ್ಲಿ ತನ್ನ ಇಂಗ್ಲಿಷ್ ಕವಿತೆ ಓದುವುದು. ಮೂವತ್ತೆರಡು ಪುಟದ ಒಂದು ಪುಸ್ತಕ ಬಂದಿತ್ತು. ಬೇಸಿಗೆಗೆ ಲಂಡನ್ನಿನಲ್ಲಿ ಕವಿತೆ ಓದಲು ಕರೆ ಬಂದಿತ್ತು. ಅಷ್ಟರಲ್ಲಿ ಲೂಪಸ್ ಕಿಡ್ನಿಗೆ ಇಳಿದಿತ್ತು. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಡುತ್ತಿದ್ದೆವು.

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೇಗಿದೀಯಮ್ಮಾ?" ಎಂದರೆ, ಕಾಲು ಕಂಬದ ಹಾಗೆ ಊದಿದ್ದರೂ, "ಗ್ರ್ಯಾಂಡ್, ರಜಿಯಾ, ಗ್ರ್ಯಾಂಡ್" ಎನ್ನುತ್ತಿದ್ದಳು. ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರ ಮಾತು ಅದು.

ತಾಯಿ ದಿನಾ ಸಂಜೆ ಬಸ್ಸಿನಲ್ಲಿ ಥರ್ಮಾಸ್ ಹಿಡಿದು ಬರುತ್ತಿದ್ದರು. ಮಗಳ ಪುಸ್ತಕವನ್ನು ನಾನು ಹೊಗಳಿದಾಗ ನಕ್ಕು, ತಮ್ಮ ಹರುಕು ಇಂಗ್ಲಿಷಿನಲ್ಲೇ ಹೇಳಿದರು. "ಇವಳ ಇಂಗ್ಲಿಷ್ ಕವಿತೆಯಾ? ಬಸ್ ಲೇಟಾಯ್ತು ಅಂತ ಕಂಪ್ಲೇಂಟ್ ಹೇಳ್ದಂಗಿರುತ್ತೆ."

"ಅಮ್ಮಂಗೆ ಪ್ರಾಸ ಇಲ್ದೇ ಇದ್ರೆ ಚಹಾನೂ ಸಪ್ಪೆ" ಎಂದಳು ಸಹ್ರಾ.

ಅಡ್ಮಿಟ್ ಆದ ಐದನೇ ದಿನ ನೈರೋಬಿಯಲ್ಲಿ ಅಜ್ಜಿ ತೀರಿಕೊಂಡರು. ಸಹ್ರಾ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಎಂಟನೇ ದಿನ ಮಧ್ಯಾಹ್ನ ಎರಡು ಗಂಟೆಗೆ ನಾನು ಔಷಧಿ ಟ್ರಾಲಿ ತಳ್ಳಿಕೊಂಡು ಹೋದಾಗ ಅವಳು ಕಣ್ಣು ಮುಚ್ಚಿ, ಮೈ ತೂಗುತ್ತಾ, ಮಂಚದ ಕಂಬಿಗೆ ಬೆರಳು ಬಡಿಯುತ್ತಾ ಏನೋ ಗುನುಗುತ್ತಿದ್ದಳು. ಸ್ಟೀರಾಯ್ಡ್‌ನಿಂದ ಬುದ್ಧಿ ಕದಡುವುದುಂಟು. ಅದಕ್ಕೆ ಡೆಲಿರಿಯಂ ಎನ್ನುತ್ತೇವೆ. ಅದನ್ನು ಪತ್ತೆ ಮಾಡಲು ಒಂದು ಪ್ರಶ್ನೆಪಟ್ಟಿ ಇದೆ. ರೋಗಿ ಉತ್ತರ ಕೊಡದಿದ್ದರೆ ಅದಕ್ಕೂ ಅಂಕ ಸೇರುತ್ತದೆ; ಅಂಕ ಹೆಚ್ಚಿದಷ್ಟೂ ಅನುಮಾನ ಹೆಚ್ಚು.

"ಸಹ್ರಾ, ಈಗ ಎಲ್ಲಿದೀಯ? ಇದು ಯಾವ ವರ್ಷ?"

ಅವಳು ಕಣ್ಣು ತೆರೆಯಲಿಲ್ಲ. ಒಂದು ಬೆರಳೆತ್ತಿ, ತಡೆಯಿರಿ ಎನ್ನುವ ಹಾಗೆ ಅಲ್ಲಾಡಿಸಿದಳು. ಮತ್ತೆ ಕೇಳಿದೆ. ಗುನುಗು ಜೋರಾಯಿತು. ನಾನು ಬರೆದೆ: ತನ್ನಷ್ಟಕ್ಕೆ ಗೊಣಗುತ್ತಿದ್ದಾಳೆ, ತೂಗಾಡುತ್ತಿದ್ದಾಳೆ, ಪ್ರಶ್ನೆಗೆ ಉತ್ತರವಿಲ್ಲ. ಡ್ಯೂಟಿ ಡಾಕ್ಟರ್ ಅದನ್ನು ಓದಿ, ಅವಳನ್ನು ಒಮ್ಮೆ ನೋಡಿ, ಶಾಂತವಾಗಲು ಇಂಜೆಕ್ಷನ್ ಬರೆದರು. ಕೊಟ್ಟವಳೂ ನಾನೇ. ಸೂಜಿ ಚುಚ್ಚಿದಾಗ ಅವಳು ಕಣ್ಣು ಬಿಟ್ಟು "ಅಯ್ಯೋ, ಬೇಡ" ಎಂದಳು. ಎಲ್ಲರೂ ಹಾಗೆ ಅನ್ನುತ್ತಾರೆ.

ಐದು ಗಂಟೆಗೆ ತಾಯಿ ಬಂದರು. ನಿದ್ದೆಯಲ್ಲಿದ್ದ ಮಗಳನ್ನು ಅಲುಗಾಡಿಸಿ ನೋಡಿ ನನ್ನ ಕಡೆ ತಿರುಗಿದರು.

"ಏನು ಕೊಟ್ರಿ? ಅವಳು ಅಜ್ಜಿಗೆ ಕವಿತೆ ಕಟ್ತಾ ಇದ್ಲು!"

ಆಗ ತಿಳಿಯಿತು. ಅಜ್ಜಿ ಓದುಬರಹ ಬಾರದ ಕವಿ. ಅವರ ಪದ್ಧತಿಯಲ್ಲಿ ಕವಿತೆ ಬಾಯಲ್ಲೇ ಹುಟ್ಟಬೇಕು, ಒಂದೊಂದು ಸಾಲಿಗೂ ಮೊದಲಿನಿಂದ ಹೇಳಿಕೊಂಡು ಬರಬೇಕು. ಮುಗಿಯುವ ತನಕ ಸಾಲುಗಳನ್ನು ಯಾರಿಗೂ ಹೇಳುವಂತಿಲ್ಲ, ಬರೆದಿಡುವಂತಿಲ್ಲ. ಸಹ್ರಾ ಜೀವನದಲ್ಲಿ ಮೊದಲ ಸಲ ಸೋಮಾಲಿಯಲ್ಲಿ, ಅಜ್ಜಿಯ ಹಾಗೆ, ಮೂರು ದಿನದಿಂದ ಕಟ್ಟುತ್ತಿದ್ದಳು. ಐವತ್ತು ಸಾಲು ದಾಟಿತ್ತಂತೆ.

ಮರುದಿನ ಎಚ್ಚರವಾದಾಗ ಹದಿನೇಳು ಸಾಲು ಮಾತ್ರ ನೆನಪಿನಲ್ಲಿ ಉಳಿದಿದ್ದವು. ಇಡೀ ದಿನ ಹುಡುಕಿದಳು. ಸಂಜೆ ಆ ಹದಿನೇಳನ್ನೇ ತಾಯಿಗೆ ಒಪ್ಪಿಸಿದಳು.

"ನಾನೇ ಬರೆದಿದ್ದು ಸಹ್ರಾ. ನಾನೇ ಕೊಟ್ಟಿದ್ದು" ಎಂದೆ.

"ಗೊತ್ತು" ಎಂದಳು. "ನೀವು ನನ್ನನ್ನ ವರ್ಷ ಯಾವ್ದು ಅಂತ ಕೇಳಿದ್ರಿ. ಏನ್ಮಾಡ್ತಿದೀಯ ಅಂತ ಕೇಳ್ಲಿಲ್ಲ."

ಎರಡು ದಿನ ಬಿಟ್ಟು ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಐಸಿಯುಗೆ ಹೋದಳು. ಅದಕ್ಕೂ ಇಂಜೆಕ್ಷನ್‌ಗೂ ಸಂಬಂಧವಿಲ್ಲ ಎಂದು ದೊಡ್ಡ ಡಾಕ್ಟರ್ ಹೇಳಿದರು, ಅದು ನಿಜ. ಅಲ್ಲಿಂದ ಅವಳು ವಾರ್ಡಿಗೆ ಮರಳಲಿಲ್ಲ.

ದಫನ್ ಆಗಿ ಹತ್ತು ದಿನಕ್ಕೆ ತಾಯಿ ವಾರ್ಡಿಗೆ ಬಂದರು. ಸಂಬಂಧಿಕರ ಕೋಣೆಯಲ್ಲಿ ಕೂತು, ಮೊದಲು ಮಗಳ ಹೆಸರು ಹೇಳಿ, ಹದಿನೇಳು ಸಾಲು ಹಾಡಿದರು. ಕವಿಯ ಹೆಸರು ಹೇಳದೆ ಕವಿತೆ ಹೇಳಬಾರದಂತೆ. ಹದಿನೇಳಕ್ಕೆ ನಿಂತರು. ಅರ್ಥ ತಿಳಿಯದ ನನಗೂ ಅದು ನಡುದಾರಿ ಎಂದು ಗೊತ್ತಾಯಿತು.

"ಉಳಿದದ್ದನ್ನ ನೀವೇ ಕಟ್ಟಬಹುದಲ್ವಾ?" ಎಂದೆ.

"ಅವಳು ಹೇಳದ ಸಾಲಿಗೆ ಅವಳ ಹೆಸರು ಹಾಕ್ಲಾ?" ನೈರೋಬಿಯ ನೆಂಟರು ಈ ಹದಿನೇಳನ್ನು ಫೋನಿನಲ್ಲಿ ಆಗಲೇ ಕಲಿತಿದ್ದಾರೆ ಎಂದು ತಾಯಿ ಹೇಳಿದರು. "ಹದಿನೇಳನೇ ಸಾಲು ಮುಗಿದಾಗ, ಮುಂದಿನದು ಆಸ್ಪತ್ರೆಯಲ್ಲಿ ಹೋಯ್ತು ಅಂತ ಹೇಳ್ತಾರೆ."

"ನನ್ನ ಹೆಸರೂ ಹೇಳಲಿ."

ಅವರು ನನ್ನ ಕೈ ಹಿಡಿದರು. "ಹೆಸರು ಕಟ್ಟಿದವರದು ಮಾತ್ರ, ಮಗಳೇ."

ಈಗ ಹೊಸ ನರ್ಸ್‌ಗಳಿಗೆ ಆ ಪ್ರಶ್ನೆಪಟ್ಟಿಯನ್ನು ನಾನೇ ಕಲಿಸುತ್ತೇನೆ. "ಉತ್ತರವಿಲ್ಲ" ಎಂದು ಬರೆಯುವ ಮೊದಲು ಮನೆಯವರಿಗೆ ಫೋನ್ ಮಾಡಿ, ಇವರು ಹೀಗೆ ಮಾಡುವುದುಂಟಾ ಎಂದು ಕೇಳಿ ಎನ್ನುತ್ತೇನೆ. ಎರಡು ನಿಮಿಷದ ಕೆಲಸ. ತಾಯಿಯ ನಂಬರ್ ಅವಳ ಫೈಲಿನ ಮೊದಲ ಪುಟದಲ್ಲೇ ಇತ್ತು.