ಅತ್ತಿ ಕೇಳಿದ ಹರಳು

ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಬೆಲ್ಟು ತಿರುಗುವ ಗರಗರ ಸದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ. ಐವತ್ತರ ದಶಕದ ಬೇಸಿಗೆ ರಜೆಗಳೆಂದರೆ ನನಗೆ ಆ ಸದ್ದು, ಆದೋನಿಯ ನಮ್ಮ ಮನೆಯ ಕಿಟಕಿ, ಅದರ ಬೆಳಕಿಗೆ ಹಿಡಿದ ಎಕ್ಸ್‌ರೇ ಫಿಲ್ಮು.

ನಾನಾಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಿಸರ್ಚ್ ಸ್ಟೂಡೆಂಟ್. ಬಿಗಿದ ಸ್ನಾಯುಗಳನ್ನು ಸಡಿಲಿಸಬಹುದೇನೋ ಎಂದು ಯಾರೋ ತಯಾರಿಸಿದ್ದ ಹೊಸ ರಾಸಾಯನಿಕವೊಂದರ ಹರಳು ನನ್ನ ಪಾಲಿಗೆ ಬಂದಿತ್ತು. ಅದರ ಮೂಲಕ ಎಕ್ಸ್‌ರೇ ಹಾಯಿಸಿದರೆ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆ ಎಷ್ಟು ಕಪ್ಪು ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ ಬರೆದುಕೊಂಡು, ಹರಳಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆಯೆಂದು ಲೆಕ್ಕ ಹಾಕಬೇಕು. ಸೋ ಟೀಡಿಯಸ್. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೂ ಚುಕ್ಕೆಗಳು ಕಾಣುತ್ತಿದ್ದವು.

ನಮ್ಮದು ಮೂಲದಲ್ಲಿ ನೇಕಾರರ ಮನೆ. ಅಪ್ಪ ಮಾತ್ರ ಸರ್ಕಾರಿ ನೌಕರಿ ಹಿಡಿದವರು. ಒಂದು ರಜೆಯಲ್ಲಿ ಅಪ್ಪನ ಅಕ್ಕ, ನನ್ನ ಅತ್ತಿ, ಎಮ್ಮಿಗನೂರಿನಿಂದ ದವಾಖಾನೆಗೆ ತೋರಿಸಲೆಂದು ಬಂದಿದ್ದಳು. ಮಗ್ಗದಲ್ಲಿ ಕೂತಿದ್ದಾಗಲೇ ಲಕ್ವ ಹೊಡೆದು ಅವಳ ಬಲಗೈ ಮುಷ್ಟಿ ಬಿಗಿದುಹೋಗಿತ್ತು. ದಿನಾ ಬೆರಳು ಒಂದೊಂದೇ ಬಿಡಿಸಿ ಅಂಗೈ ತೊಳೆಯಬೇಕು. ಬಿಟ್ಟರೆ ಉಗುರು ಮಾಂಸಕ್ಕೆ ನಾಟುತ್ತಿತ್ತು. ಮತ್ತೆ ಮಗ್ಗಕ್ಕೆ ಕೂರಬೇಕು, ಅದೊಂದೇ ಅವಳ ಆಸೆ. ನಾನು ಸ್ನಾಯು ಸಡಿಲಿಸುವ ಹರಳಿನ ಕೆಲಸ ಮಾಡುತ್ತೇನೆಂದು ಅಪ್ಪ ಹೇಳಿದ್ದರು. ಅವಳಿಗೆ ಗೊತ್ತಿದ್ದ ಹರಳೆಂದರೆ ಎಣ್ಣೆ ತೆಗೆಯುವ ಹರಳು.

“ಹರಳೆಣ್ಣಿ ನಾ ಎರಡು ವರ್ಷ ತಿಕ್ಕೀನಿ. ಅದಕ ಬೆಂಗಳೂರಿಗೆ ಹೋಗಿ ಓದಬೇಕೇನು?” ಅಂದಳು.

ನನಗೆ ನಗು. ಆ ಹರಳಲ್ಲ ಅತ್ತಿ, ಕಲ್ಲುಸಕ್ಕರೆ ಇರುತ್ತದಲ್ಲ, ಅಂಥದು ಎಂದೆ. ಕಾನ್ವೆಂಟಿನ ಸಿಸ್ಟರ್ ನಮಗೆ ಕ್ರಿಸ್ಟಲ್ ಅಂದರೆ ಏನೆಂದು ಹಾಗೆಯೇ ಹೇಳಿಕೊಟ್ಟಿದ್ದರು. ಅಲ್ಲೇ ತಪ್ಪಿದ್ದು. ಕಲ್ಲುಸಕ್ಕರೆ ಎಂದಮೇಲೆ ಅದು ಬಾಯಿಗೆ ಹಾಕಿಕೊಳ್ಳುವ ವಸ್ತುವೇ ಆಯಿತು. ಒಂದು ಚೂರು ಕೊಡು ಎಂದು ಹಿಂದೆ ಬಿದ್ದಳು. ತಂದಿಲ್ಲ, ಅದು ಔಷಧಿಯೋ ವಿಷವೋ ಇನ್ನೂ ಯಾರಿಗೂ ಗೊತ್ತಿಲ್ಲ ಎಂದರೆ ನಂಬಲಿಲ್ಲ. ಮನೆಯವರಿಂದ ಬಚ್ಚಿಟ್ಟು ಊರವರಿಗೆ ಹಂಚುತ್ತಾಳೆ ಎಂದು ಅವ್ವನ ಮುಂದೆ ಚುಚ್ಚಿದಳಂತೆ. ಊರಿಗೆ ಹೊರಟಾಗ ಮಾತ್ರ, ಮಂದು ಆದ ಕೂಡಲೇ ಮೊದಲು ತನಗೇ ತರಬೇಕೆಂದು ಮಾತು ತೆಗೆದುಕೊಂಡಳು. ಎಮ್ಮಿಗನೂರಿನ ಬಾಯಲ್ಲಿ ಔಷಧಿ ಯಾವತ್ತೂ ತೆಲುಗಿನ ಮಂದೇ. ದಣಿದಿದ್ದೆ; ಹೂಂ ಅಂದುಬಿಟ್ಟೆ.

ಎರಡು ಬೇಸಿಗೆ ಕಳೆದವು. ಸ್ಟ್ರಕ್ಚರ್ ಸಿಕ್ಕಿತು, ಪೇಪರೂ ಅಚ್ಚಾಯಿತು. ಅಷ್ಟರಲ್ಲಿ ಆ ರಾಸಾಯನಿಕವನ್ನು ತಯಾರಿಸಿದವರೇ ಕೈಬಿಟ್ಟಿದ್ದರು. ಪ್ರಾಣಿಗಳಿಗೆ ಕೊಟ್ಟು ನೋಡಿದಾಗ ಗುಣಕ್ಕಿಂತ ಕೇಡೇ ಹೆಚ್ಚು ಕಂಡಿತಂತೆ. ಆ ರಜೆಯಲ್ಲಿ ಅತ್ತಿ ಮತ್ತೆ ಬಂದಿದ್ದಳು. ಇದ್ದ ನಾಲ್ಕು ದಿನವೂ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೊರಟ ದಿನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಬೆರಳು ಬಿಡಿಸಿ ಉಗುರು ಕತ್ತರಿಸುತ್ತಿದ್ದೆ.

“ಮಂದು ಆತೇನವ್ವಾ?”

“ಇಲ್ಲ ಅತ್ತಿ. ಅದು ಮಂದು ಆಗೂದಿಲ್ಲ.”

“ಮತ್ತ ಇಷ್ಟು ದಿನ ಏನು ನೋಡಿದಿ?”

“ಒಳಗ ಯಾವುದು ಎಲ್ಲಿ ಕೂತೈತಿ ಅಂತ.”

ಅತ್ತಿ ಬಸ್ಸು ಬರುವ ದಾರಿಯತ್ತ ತಿರುಗಿದಳು. “ಕೂತದ್ದು ಗೊತ್ತಾತು. ಎಬ್ಬಿಸೂದು ಗೊತ್ತಾಗಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕಿರುಬೆರಳು ಉಳೀತು ನೋಡು ಎಂದಳು. ಅದನ್ನೂ ಕತ್ತರಿಸಿದೆ. ಬಸ್ಸು ಬಂತು, ಕಂಡಕ್ಟರು ಕೈಹಿಡಿದು ಹತ್ತಿಸಿದ. ಹೊರಟಾಗ ಅತ್ತಿ ಕಿಟಕಿಯಲ್ಲಿ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಮುಚ್ಚಿದ ಮುಷ್ಟಿಯನ್ನೇ ಎರಡು ಸಲ ಆಡಿಸಿದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.