ನನ್ನ ಬೇಸ್ ಗಿಟಾರ್ ನಾನಿಲ್ಲದೆ ನುಡಿಯಿತು

ಚಿತ್ತಾಪುರದ ಮದುವೆ ಮಂಟಪದ ಬಾಗಿಲಿಗೆ ಬಂದಾಗ ಒಳಗಿನಿಂದ ನನ್ನದೇ ಬೇಸ್ ಗಿಟಾರ್ ಕೇಳಿಸಿತು. ಗಿಟಾರ್ ಇನ್ನೂ ನನ್ನ ಹೆಗಲ ಮೇಲಿತ್ತು! ನಮ್ಮ ಆರ್ಕೆಸ್ಟ್ರಾದ ತಾಲೀಮಿಗೆಂದು ಶಹಾಬಾದಿನ ಮನೆಯಲ್ಲಿ ನುಡಿಸಿ, ಕಂಪ್ಯೂಟರಿನಲ್ಲಿ ಫ್ಯಾನಿನ ಸದ್ದು ತೆಗೆದು, ಏರಿಳಿತ ಸರಿಪಡಿಸಿ, ಮಂದ್ರ ಸ್ವರಗಳಿಗೆ ತೂಕ ತುಂಬಿ ನಾನೇ ಕೊಟ್ಟಿದ್ದ ಸಿಡಿ ಅದು.

ಆರು ವರ್ಷ ಜೊತೆಗೆ ನುಡಿಸಿದ್ದ ಆರ್ಕೆಸ್ಟ್ರಾ ಮಾಸ್ತರರು ವೇದಿಕೆಯಿಂದ ಇಳಿದು ಬಂದರು. "ಸಿಡಿ ಭಾಳ ಛಲೋ ಬಂದದ ನೋಡ್ರಿ. ಇನ್ಮ್ಯಾಲೆ ನೀವು ತ್ರಾಸ ತಗೊಂಡು ಬರೋದು ಬ್ಯಾಡ್ರಿ. ಊಟ ಮಾಡ್ಕೊಂಡು ಹೋಗ್ರಿ," ಎಂದು ನಗುತ್ತಲೇ ಹೇಳಿದರು.

ಊಟ ಮಾಡದೆ ಬಸ್ಸು ಹತ್ತಿದೆ. ಮಾಸ್ತರರ ಮೇಲಿನ ಸಿಟ್ಟು ಎಂದೋ ಇಳಿಯಿತು. ನನ್ನನ್ನು ಹೊರಗೆ ಹಾಕಿದ ಸಿಡಿಯನ್ನು ಹದಿನೈದು ದಿನ ಕೂತು ತಿದ್ದಿದ್ದು ನಾನೇ ಎಂಬ ಕಹಿ ಮಾತ್ರ ಇಳಿಯಲಿಲ್ಲ.